ಲೆನನ್ ಬರೆದ ಮೂರನೆಯ ಕಾರಣ: ಒಬ್ಬ ಹೊಸ ಲೇಖಕರಿಗೆ ಸಂಪಾದಕರ ಉತ್ತರ

ಮಾನ್ಯರೇ,

‘ಅರಮನೆಯ ಮುಂದೆ ಮಂಡಿಯೂರಿದ ಗಿಟಾರು’ ಎಂಬ ನಿಮ್ಮ ಲೇಖನ ಕೈಸೇರಿ ಮೂರು ವಾರವಾಯಿತು. ಒಂದು ಸಲ ಓದಿ ಬದಿಗಿಡಲು ಮನಸ್ಸು ಬಾರದೆ ಮತ್ತೊಮ್ಮೆ ಓದಿದೆ; ಉತ್ತರ ತಡವಾಗಲು ಅದೇ ಕಾರಣ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ, ಆದರೆ ನೀವು ಇದನ್ನು ಕೈಬಿಡಬಾರದು, ಮತ್ತೆ ಬರೆದು ಕಳಿಸಬೇಕು ಎಂಬುದು ನನ್ನ ಆಗ್ರಹ. ಬೆನ್ನು ತಟ್ಟುವ ಎರಡು ಸಾಲಿಗಿಂತ ಎಡವಿದ್ದು ಎಲ್ಲಿ ಎಂದು ತೋರಿಸುವ ಎರಡು ಪುಟವೇ ನಿಮಗೆ ಹೆಚ್ಚು ಉಪಯೋಗವಾದೀತೆಂದು ನಂಬಿ, ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು: ವ್ಯವಸ್ಥೆಯ ವಿರುದ್ಧ ಹಾಡಿ ಹೆಸರು ಮಾಡಿದ ಬ್ರಿಟನ್ನಿನ ರಾಕ್ ಸಂಗೀತಗಾರರು ವಯಸ್ಸಾದಂತೆ ಅದೇ ವ್ಯವಸ್ಥೆಯ ಶಿಖರದಲ್ಲಿರುವ ಅರಮನೆಗೆ ಹೋಗಿ ಪದಕ ಪಡೆದು ಬರುತ್ತಾರೆ, ಇದು ಕೇಳುಗರಿಗೆ ಬಗೆದ ದ್ರೋಹ, 1969ರಲ್ಲಿ ಪದಕವನ್ನು ಹಿಂದಿರುಗಿಸಿದ ಬೀಟಲ್ಸ್ ತಂಡದ ಜಾನ್ ಲೆನನ್ ಒಬ್ಬರೇ ಮರ್ಯಾದೆ ಉಳಿಸಿಕೊಂಡವರು. ಈ ವಾದದಲ್ಲಿ ಕಾವು ಇದೆ. ನನಗೂ ಇದರ ಅರ್ಧದಷ್ಟು ಒಪ್ಪಿಗೆಯಿದೆ. ಆದರೆ ವಾದ ನಿಂತಿರುವ ನೆಲ ಹಲವು ಕಡೆ ಗಟ್ಟಿಯಾಗಿಲ್ಲ.

ಶೀರ್ಷಿಕೆಯಿಂದಲೇ ಆರಂಭಿಸುತ್ತೇನೆ. 1965ರ ಅಕ್ಟೋಬರ್ 26ರಂದು ಬೀಟಲ್ಸ್ ತಂಡದ ನಾಲ್ವರೂ ರಾಣಿಯ ಮುಂದೆ ಮಂಡಿಯೂರಿ ‘ಸರ್’ ಪದವಿ ಪಡೆದರು ಎಂದು ಮೊದಲ ಪುಟದಲ್ಲಿ ಬರೆದಿದ್ದೀರಿ. ಅವರು ಪಡೆದದ್ದು ಎಂಬಿಇ, ಅಂದರೆ ‘ಆರ್ಡರ್ ಆಫ್ ದಿ ಬ್ರಿಟಿಷ್ ಎಂಪೈರ್’ನ ಐದು ದರ್ಜೆಗಳಲ್ಲಿ ಕೊನೆಯದು. ಅದಕ್ಕೆ ‘ಸರ್’ ಇಲ್ಲ, ಭುಜಕ್ಕೆ ಕತ್ತಿ ಮುಟ್ಟಿಸುವುದಿಲ್ಲ, ಮಂಡಿಯೂರುವುದೂ ಇಲ್ಲ. ನಿಂತಲ್ಲೇ, ಕೋಟಿಗೆ ಮೊದಲೇ ಸಿಕ್ಕಿಸಿದ ಪುಟ್ಟ ಕೊಕ್ಕೆಗೆ ಪದಕವನ್ನು ತೂಗುಹಾಕುತ್ತಾರೆ. ರಾಣಿ ಮೆಚ್ಚಿ ಕೊಟ್ಟದ್ದು ಎಂಬ ಮಾತೂ ಪೂರ್ತಿ ಸರಿಯಲ್ಲ. ಇಂಥ ಗೌರವಗಳಲ್ಲಿ ಹೆಚ್ಚಿನವು ಪ್ರಧಾನಿಯ ಶಿಫಾರಸಿನ ಪಟ್ಟಿಯಿಂದ ಬರುತ್ತವೆ. ರಾಜಮನೆತನ ತನ್ನ ಇಚ್ಛೆಯಿಂದಲೇ ಕೊಡುವಂಥವು ಕೆಲವೇ ಕೆಲವು. 1965ರಲ್ಲಿ ಪ್ರಧಾನಿಯಾಗಿದ್ದವರು ಲೇಬರ್ ಪಕ್ಷದ ಹೆರಾಲ್ಡ್ ವಿಲ್ಸನ್, ಅವರ ಮತಕ್ಷೇತ್ರ ಬೀಟಲ್ಸ್ ತಂಡದ ಊರಾದ ಲಿವರ್‌ಪೂಲಿನ ಪಕ್ಕದಲ್ಲೇ ಇತ್ತು. ಚುನಾಯಿತ ಸರ್ಕಾರವೊಂದು ಜನಪ್ರಿಯರಾದ ಹುಡುಗರ ಪಕ್ಕದಲ್ಲಿ ನಿಲ್ಲಲು ಬಯಸಿತು ಎಂಬ ಸಂಗತಿಯನ್ನು ಬಿಟ್ಟು, ಸಿಟ್ಟನ್ನೆಲ್ಲ ಸಿಂಹಾಸನದ ಮೇಲೆ ಹರಿಸಿದರೆ, ತಟ್ಟಬೇಕಾದ ಬಾಗಿಲನ್ನು ಬಿಟ್ಟು ಪಕ್ಕದ ಬಾಗಿಲನ್ನು ತಟ್ಟಿದಂತಾಗುತ್ತದೆ.

ಇನ್ನೊಂದು ಸಂಗತಿ ನಿಮ್ಮ ಗಮನಕ್ಕೆ ಬಂದಿರಲಾರದು. ನಿಮ್ಮ ಲೇಖನದಲ್ಲಿ ಲೆನನ್ ‘ಬರೆದರು’, ‘ಹಿಂದಿರುಗಿಸಿದರು’. ರೋಲಿಂಗ್ ಸ್ಟೋನ್ಸ್ ತಂಡದ ಗಾಯಕ ಮಿಕ್ ಜಾಗರ್ ‘ಹೋದ’, ‘ತಲೆಬಾಗಿದ’, ‘ಇಸಿದುಕೊಂಡ’. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಮೊದಲ ಪುಟದಲ್ಲಿ ಬಹುವಚನದಲ್ಲಿದ್ದವರು, 1997ರಲ್ಲಿ ನೈಟ್‌ಹುಡ್, ಅಂದರೆ ‘ಸರ್’ ಪದವಿ ಪಡೆದ ಮರುವಾಕ್ಯದಲ್ಲೇ ಏಕವಚನಕ್ಕೆ ಇಳಿದುಬಿಟ್ಟಿದ್ದಾರೆ. ಕನ್ನಡದಲ್ಲಿ ತೀರ್ಪು ಕೊಡಲು ವಿಶೇಷಣವೇ ಬೇಕಿಲ್ಲ, ಕ್ರಿಯಾಪದದ ಕೊನೆಯ ಅಕ್ಷರ ಸಾಕು. ಹಾಗಾಗಿ ನೀವು ಸಾಕ್ಷ್ಯವನ್ನು ಮುಂದಿಡುವ ಮೊದಲೇ ಓದುಗರಿಗೆ ತೀರ್ಪು ಕೇಳಿಸಿಬಿಟ್ಟಿದೆ. ಎಲ್ಲರಿಗೂ ಒಂದೇ ವಚನ ಕೊಡಿ. ಏಕವಚನವಾದರೆ ಎಲ್ಲರಿಗೂ ಏಕವಚನ, ನನ್ನದೇನೂ ಆಕ್ಷೇಪವಿಲ್ಲ. ಹಾಗೆ ಬರೆಯಲು ಕೂತ ಕೂಡಲೇ ನಿಮ್ಮ ವಾದದಲ್ಲಿ ಯಾವುದು ಬರಿಯ ಸಿಟ್ಟು, ಯಾವುದು ನಿಜವಾದ ಕಾರಣ ಎಂಬುದು ನಿಮಗೇ ತಿಳಿಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಲೆನನ್ ಪದಕವನ್ನು ಹಿಂದಿರುಗಿಸಿದ ಪ್ರಸಂಗ ನಿಮ್ಮ ಲೇಖನದ ಬೆನ್ನೆಲುಬು. ಅವರು ರಾಣಿಗೆ ಬರೆದ ಕಾಗದದಲ್ಲಿ ಎರಡು ಕಾರಣಗಳಿದ್ದವು ಎನ್ನುತ್ತೀರಿ: ನೈಜೀರಿಯಾ ಮತ್ತು ಅದರಿಂದ ಬೇರೆಯಾಗಲು ಹೊರಟ ಬಿಯಾಫ್ರಾ ನಡುವಿನ ಯುದ್ಧದಲ್ಲಿ ಬ್ರಿಟನ್ ವಹಿಸಿದ ಪಾತ್ರ, ವಿಯೆಟ್ನಾಮಿನಲ್ಲಿ ಅಮೆರಿಕಕ್ಕೆ ಅದು ಕೊಟ್ಟ ಬೆಂಬಲ. ಅದೇ ವಾಕ್ಯದಲ್ಲಿ ಮೂರನೆಯದೂ ಒಂದಿತ್ತು. ತಮ್ಮ ‘ಕೋಲ್ಡ್ ಟರ್ಕಿ’ ಹಾಡು ಜನಪ್ರಿಯತೆಯ ಪಟ್ಟಿಯಲ್ಲಿ ಕೆಳಗಿಳಿಯುತ್ತಿರುವುದನ್ನು ಪ್ರತಿಭಟಿಸಿಯೂ ಪದಕ ಹಿಂದಿರುಗಿಸುತ್ತಿರುವುದಾಗಿ ಅವರು ಬರೆದಿದ್ದರು, ಕೊನೆಗೆ ‘ಪ್ರೀತಿಯಿಂದ’ ಎಂದು ಸಹಿ ಹಾಕಿದ್ದರು. ನೀವು ಓದಿದ ಕಡೆ ಈ ಸಾಲು ಇರಲಿಲ್ಲವೋ, ಇದ್ದೂ ಬಿಟ್ಟಿರೋ ತಿಳಿಯದು. ಬಿಟ್ಟಿದ್ದರೆ, ನಿಮ್ಮ ನಾಯಕನ ಮುಖ ತೊಳೆದು ಓದುಗರ ಮುಂದೆ ತಂದಿದ್ದೀರಿ ಎಂದಾಗುತ್ತದೆ. ಬಂಡುಕೋರರ ಬಗ್ಗೆ ಬರೆಯುವಾಗ ನಮ್ಮಲ್ಲಿ ಅನೇಕರು ಮಾಡುವ ತಪ್ಪು ಇದು, ಇದರಷ್ಟು ಬರಹವನ್ನು ದುರ್ಬಲಗೊಳಿಸುವ ತಪ್ಪು ಇನ್ನೊಂದನ್ನು ನಾನು ಕಂಡಿಲ್ಲ.

ಆ ಪದಕ ಎಲ್ಲಿತ್ತು ಎಂಬುದನ್ನೂ ನೀವು ಹೇಳುವುದಿಲ್ಲ. ಅದು ಲೆನನ್ ಅವರ ಬಳಿ ಇರಲೇ ಇಲ್ಲ; ಅವರನ್ನು ಸಾಕಿ ಬೆಳೆಸಿದ ದೊಡ್ಡಮ್ಮ ಮಿಮಿ ಅದನ್ನು ತಮ್ಮ ಮನೆಯಲ್ಲಿ ಹೆಮ್ಮೆಯಿಂದ ಇಟ್ಟುಕೊಂಡಿದ್ದರು. 1969ರ ನವೆಂಬರಿನಲ್ಲಿ ಲೆನನ್ ತಮ್ಮ ಕಾರಿನ ಚಾಲಕನನ್ನು ಕಳಿಸಿ ಅದನ್ನು ತರಿಸಿಕೊಂಡರು. ಏಕೆ ಬೇಕಾಗಿದೆ ಎಂಬುದನ್ನು ಆಕೆಗೆ ತಿಳಿಸಿರಲಿಲ್ಲ. ಅದೇ ತಿಂಗಳ 25ರಂದು ಪದಕ ಅರಮನೆಗೆ ಹೋಯಿತು. ಒಬ್ಬ ಮನುಷ್ಯನಿಗೆ ಕೊಟ್ಟ ಗೌರವ ಯಾರದಾಗುತ್ತದೆ, ಅದನ್ನು ಒಪ್ಪುವಾಗ ಅಥವಾ ಬಿಸಾಡುವಾಗ ಇನ್ನು ಯಾರು ಯಾರ ಕೈ ಅದರ ಮೇಲಿರುತ್ತದೆ ಎಂಬ ಪ್ರಶ್ನೆ ಈ ಒಂದು ಪ್ರಸಂಗದಲ್ಲಿ ಅಡಗಿದೆ. ನಿಮ್ಮ ನಾಲ್ಕು ಪುಟದ ಸಿಟ್ಟಿಗಿಂತ, ಆ ಮನೆಯ ಬಾಗಿಲಲ್ಲಿ ನಿಂತ ಚಾಲಕನ ಚಿತ್ರ ನನ್ನನ್ನು ಹೆಚ್ಚು ಕಾಡುತ್ತದೆ.

ನಂತರದ ಪುಟದಲ್ಲಿ ಲೆನನ್ ಅವರನ್ನು ರವೀಂದ್ರನಾಥ ಠಾಕೂರರ ಪಕ್ಕದಲ್ಲಿ ನಿಲ್ಲಿಸಿದ್ದೀರಿ. ಹೋಲಿಕೆ ಸಲ್ಲದ್ದಲ್ಲ, ಏಕೆಂದರೆ ಎರಡೂ ಅದೇ ಸಾಮ್ರಾಜ್ಯ ಕೊಟ್ಟ ಗೌರವಗಳೇ. ಆದರೆ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ, 1919ರ ಮೇ ತಿಂಗಳ ಕೊನೆಯಲ್ಲಿ ತಮ್ಮ ನೈಟ್‌ಹುಡ್ಡನ್ನು ಬಿಟ್ಟುಕೊಡುತ್ತ ವೈಸರಾಯ್ ಚೆಮ್ಸ್‌ಫರ್ಡ್ ಅವರಿಗೆ ಬರೆದ ಠಾಕೂರರು, ಅವಮಾನದ ನಡುವೆ ಗೌರವದ ಲಾಂಛನಗಳು ನಾಚಿಕೆಯನ್ನೇ ಎತ್ತಿ ತೋರಿಸುತ್ತವೆ, ಎಲ್ಲ ವಿಶೇಷ ಪದವಿಗಳನ್ನೂ ಕಳಚಿ ತಮ್ಮ ದೇಶದ ಜನರ ಪಕ್ಕದಲ್ಲಿ ನಿಲ್ಲಬಯಸುತ್ತೇನೆ ಎಂದರು. ಅಲ್ಲಿ ಮೂರನೆಯ ಕಾರಣವಿಲ್ಲ. ಲೆನನ್ ಅವರ ಕಾಗದದಲ್ಲಿ ಯುದ್ಧದಲ್ಲಿ ಸಾಯುತ್ತಿದ್ದವರೂ ಹಾಡಿನ ಮಾರಾಟವೂ ಒಂದೇ ಉಸಿರಿನಲ್ಲಿ ಬರುತ್ತವೆ. ಅದು ಬೇಕೆಂದೇ ಮಾಡಿದ ಕೀಟಲೆ, ಗಂಭೀರ ಕಾಗದವೊಂದರ ಗಾಂಭೀರ್ಯವನ್ನು ಕೆಡಿಸುವ ರಾಕ್ ಸಂಗೀತದ ಸ್ವಭಾವವೇ ಅದು ಎಂದು ನೀವು ವಾದಿಸಬಹುದು. ಅದು ಸಾವುಗಳನ್ನು ಹಗುರಾಗಿಸಿತು ಎಂದೂ ವಾದಿಸಬಹುದು. ನನಗೆ ಎರಡನೆಯದೇ ಸರಿಯೆನಿಸುತ್ತದೆ. ಯಾವುದನ್ನೇ ಆರಿಸಿಕೊಂಡರೂ ಆ ಸಾಲನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದ ಪ್ರಸಂಗಕ್ಕೆ ನೀವು ಮೂರು ಪ್ಯಾರಾ ಕೊಟ್ಟಿದ್ದೀರಿ. ಅಲ್ಲಿ ಒಂದು ವಾಕ್ಯ ಸಾಕು. ಕಾರಂತರ ಮೇಲೆ ನಮಗಿರುವ ಗೌರವವನ್ನು ಲೆನನ್ ಅವರಿಗೆ ಸಾಲವಾಗಿ ಕೊಡುವುದು ಇಬ್ಬರಿಗೂ ನ್ಯಾಯವಲ್ಲ.

‘ಬಂಡಾಯ ಹಾಡಿದವರೆಲ್ಲ ಕೊನೆಗೆ ಅರಮನೆಯ ಮೆಟ್ಟಿಲೇರಿದರು’ ಎಂಬ ನಿಮ್ಮ ವಾಕ್ಯ ನಿಲ್ಲುವುದಿಲ್ಲ. ಬ್ರಿಟನ್ನಿನಲ್ಲಿ ಗೌರವ ಘೋಷಣೆಯಾಗುವ ಮೊದಲು ಆಯ್ಕೆಯಾದವರಿಗೆ ಗುಟ್ಟಾಗಿ ಪತ್ರ ಬರುತ್ತದೆ, ಒಪ್ಪುವಿರಾ ಎಂದು ಕೇಳುತ್ತಾರೆ. ಬೇಡವೆಂದವರ ಹೆಸರನ್ನು ಸರ್ಕಾರ ಪ್ರಕಟಿಸುವುದಿಲ್ಲ. ಹೀಗಾಗಿ ಒಪ್ಪಿದವರೆಲ್ಲ ಪತ್ರಿಕೆಯ ಮುಖಪುಟದಲ್ಲಿರುತ್ತಾರೆ, ಒಲ್ಲೆನೆಂದವರು ತಾವಾಗಿ ಬಾಯಿಬಿಡದ ಹೊರತು ಎಲ್ಲಿಯೂ ಇರುವುದಿಲ್ಲ. 1951ರಿಂದ 1999ರವರೆಗೆ ಗೌರವ ನಿರಾಕರಿಸಿ, ಆಮೇಲೆ ತೀರಿಕೊಂಡ 277 ಜನರ ಪಟ್ಟಿ ಹೊರಬಂದದ್ದು 2012ರಲ್ಲಿ, ಅದೂ ಮಾಹಿತಿ ಹಕ್ಕಿನ ಅರ್ಜಿಯ ಬಲದಿಂದ. ಚಿತ್ರಕಾರ ಎಲ್. ಎಸ್. ಲೌರಿ ಐದು ಸಲ ನಿರಾಕರಿಸಿದ್ದರೆಂದು ಹೊರಜಗತ್ತಿಗೆ ಖಚಿತವಾದದ್ದು ಅದರಿಂದ. ನಿರಾಕರಣೆಯನ್ನು ಕಣ್ಣಿಗೆ ಕಾಣದಂತೆ ಇಡುವ ಈ ಏರ್ಪಾಡು ನೀವು ಖಂಡಿಸಬೇಕಾದ ಸಂಗತಿ. ನೀವು ಅದನ್ನು ಗಮನಿಸದೆ, ಅದು ತೋರಿಸಿದಷ್ಟನ್ನೇ ಸತ್ಯವೆಂದು ನಂಬಿದ್ದೀರಿ.

ಇನ್ನು ಜಾಗರ್. ಅವರ ಮೇಲೆ ನಿಮಗಿರುವ ಸಿಟ್ಟು ಎಲ್ಲರಿಗಿಂತ ಹೆಚ್ಚು. 1967ರ ಫೆಬ್ರವರಿಯಲ್ಲಿ, ಅವರದೇ ತಂಡದ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಅವರ ಸಸೆಕ್ಸ್ ಮನೆಯ ಮೇಲೆ ಪೊಲೀಸರು ದಾಳಿ ಮಾಡಿದರು. ಮಾದಕ ವಸ್ತುವಿನ ಮೊಕದ್ದಮೆಯಲ್ಲಿ ಜಾಗರ್ ಅವರಿಗೆ ಮೂರು ತಿಂಗಳು, ರಿಚರ್ಡ್ಸ್ ಅವರಿಗೆ ಒಂದು ವರ್ಷ ಸೆರೆವಾಸದ ಶಿಕ್ಷೆಯಾಯಿತು. ಶಿಕ್ಷೆ ಅತಿಯಾಯಿತೆಂದು ‘ದಿ ಟೈಮ್ಸ್’ ಪತ್ರಿಕೆಯೇ ಸಂಪಾದಕೀಯ ಬರೆಯಿತು, ಮೇಲ್ಮನವಿಯಲ್ಲಿ ಇಬ್ಬರೂ ಜೈಲುವಾಸದಿಂದ ಪಾರಾದರು. ಮೂವತ್ತಾರು ವರ್ಷಗಳ ನಂತರ ಅದೇ ಜಾಗರ್ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ, ರಾಣಿಯಿಂದಲ್ಲ, ಆಗ ಯುವರಾಜರಾಗಿದ್ದ ಚಾರ್ಲ್ಸ್ ಅವರಿಂದ ನೈಟ್‌ಹುಡ್ ಪಡೆದರು. ಕಿರೀಟ ಧರಿಸಿದವನ ಜೊತೆ ವೇದಿಕೆ ಹತ್ತಲು ತಮಗಿಷ್ಟವಿಲ್ಲ ಎಂಬರ್ಥದಲ್ಲಿ ರಿಚರ್ಡ್ಸ್ ಬಹಿರಂಗವಾಗಿಯೇ ಮೂದಲಿಸಿದರು. ನಿಮ್ಮದೂ ಅದೇ ಮಾತು. ಆದರೆ ಆ ದಿನ ಜಾಗರ್ ಜೊತೆ ಅವರ ತೊಂಬತ್ತರ ತಂದೆಯೂ ಇದ್ದರು. ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದ ಮೇಷ್ಟರು ಅವರು. ನಮ್ಮ ಊರುಗಳಲ್ಲಿಯೂ, ಬೇಡವೆನಿಸಿದ ಸನ್ಮಾನದ ಶಾಲನ್ನು ಮುಂದಿನ ಸಾಲಿನಲ್ಲಿ ಕೂತ ತಾಯಿಯ ಮುಖ ನೋಡಿ ಹೊದ್ದುಕೊಂಡವರನ್ನು ನಾನು ಬಲ್ಲೆ. ಇದು ಸಮರ್ಥನೆಯಲ್ಲ, ಆದರೂ ಇದನ್ನು ಕಾಣದ ಲೇಖನ ಅಪೂರ್ಣ.

ಜಾಗರ್ ಯಾವ ಮಾತನ್ನು ಮುರಿದರು ಎಂಬ ಪ್ರಶ್ನೆಯನ್ನು ನೀವು ಕೇಳಿಕೊಳ್ಳಲೇ ಇಲ್ಲ. ಅವರ ಬಂಡಾಯ ಮಡಿವಂತಿಕೆಯ ವಿರುದ್ಧ, ಹಿರಿಯರ ಗದರಿಕೆಯ ವಿರುದ್ಧ ಇತ್ತು. ಅರಸೊತ್ತಿಗೆಯನ್ನು ತೆಗೆದುಹಾಕುವುದು ಅವರ ಹಾಡಿನ ಧ್ಯೇಯವಾಗಿರಲಿಲ್ಲ. 1977ರಲ್ಲಿ, ರಾಣಿ ಸಿಂಹಾಸನವೇರಿದ ಬೆಳ್ಳಿಹಬ್ಬದ ವರ್ಷವೇ ರಾಷ್ಟ್ರಗೀತೆಯ ಹೆಸರಿನಲ್ಲಿ ರಾಣಿಯನ್ನು ಹಂಗಿಸುವ ಹಾಡು ತಂದು, ಬಿಬಿಸಿಯಿಂದ ನಿಷೇಧಿಸಿಕೊಂಡ ಸೆಕ್ಸ್ ಪಿಸ್ಟಲ್ಸ್ ತಂಡದವರು ಪದಕ ತೊಟ್ಟಿದ್ದರೆ ಅದು ಮಾತಿಗೆ ತಪ್ಪಿದಂತೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನನ್ನ ಅಭಿಪ್ರಾಯ ಕೇಳುವುದಾದರೆ, ಈ ಗೌರವಗಳಲ್ಲಿ ನುಂಗಲಾರದ ತುತ್ತು ಅರಮನೆಯಲ್ಲ, ‘ಸಾಮ್ರಾಜ್ಯ’ ಎಂಬ ಪದ. 1917ರಲ್ಲಿ ಸ್ಥಾಪನೆಯಾದ ಆ ಆರ್ಡರಿನ ಹೆಸರಿನಲ್ಲಿ, ಸಾಮ್ರಾಜ್ಯವೇ ಮುಳುಗಿದ ಮೇಲೂ ಅದು ಉಳಿದುಕೊಂಡಿದೆ. ಆ ಪದ ಇರುವವರೆಗೆ, ಆಳಿಸಿಕೊಂಡವರ ನೋವನ್ನು ತನ್ನದೆಂದು ಹಾಡಿದ ಯಾವ ಕಲಾವಿದನೂ ಅದನ್ನು ಎದೆಗೆ ಸಿಕ್ಕಿಸಿಕೊಳ್ಳಬಾರದು ಎಂದು ನಾನು ದೃಢವಾಗಿ ನಂಬುತ್ತೇನೆ. ಉಳಿದವರ ಮಟ್ಟಿಗೆ ಅದು ಅಭಿರುಚಿಯ ಪ್ರಶ್ನೆ.

ಆದ್ದರಿಂದ ನನ್ನ ಸಲಹೆ: ನಲವತ್ತು ವರ್ಷಗಳ ಚರಿತ್ರೆಯನ್ನು ಓಡೋಡಿ ಹೇಳುವ ಬದಲು 2003ನೆಯ ಇಸವಿಯೊಂದನ್ನೇ ಹಿಡಿದು ಬರೆಯಿರಿ. 2000ದಲ್ಲಿ ಅದೇ ಆರ್ಡರಿನ ಮೂರನೆಯ ದರ್ಜೆಯಾದ ಸಿಬಿಇ ನಿರಾಕರಿಸಿದ್ದ ರಾಕ್ ಗಾಯಕ ಡೇವಿಡ್ ಬೋವಿ ಆ ವರ್ಷ ನೈಟ್‌ಹುಡ್ಡನ್ನೂ ಒಲ್ಲೆನೆಂದರು. ಅದು ಯಾತಕ್ಕಾಗಿ ಎಂಬುದೇ ತಮಗೆ ಅರ್ಥವಾಗಿಲ್ಲ ಎಂದಷ್ಟೇ ಹೇಳಿ ಸುಮ್ಮನಾದರು. ನೀವು ಅವರಿಗೆ ಕೊಟ್ಟಿರುವುದು ಒಂದೇ ಸಾಲು. ನವೆಂಬರಿನಲ್ಲಿ, ಕೆರಿಬಿಯನ್ ಮೂಲದ ತಂದೆತಾಯಿಗೆ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ರೆಗೆ ತಾಳದಲ್ಲಿ ಕಾವ್ಯ ಹಾಡುತ್ತಿದ್ದ ಬೆಂಜಮಿನ್ ಜೆಫನಾಯಾ ನಾಲ್ಕನೆಯ ದರ್ಜೆಯಾದ ಓಬಿಇ ನಿರಾಕರಿಸಿ, ಸಾಮ್ರಾಜ್ಯ ಎಂಬ ಪದ ತಮಗೆ ಗುಲಾಮಗಿರಿಯನ್ನು ನೆನಪಿಸುತ್ತದೆ ಎಂದು ಪತ್ರಿಕೆಯಲ್ಲಿ ಬರೆದರು. ಅವರು ರಾಕ್ ಸಂಗೀತಗಾರರಲ್ಲ ಎಂದು ನೀವು ಬಿಟ್ಟಿರಬಹುದು, ಆದರೆ ಈ ಪ್ರಶ್ನೆಗೆ ಅತ್ಯಂತ ನೇರ ಉತ್ತರ ಅವರದೇ. ಡಿಸೆಂಬರ್ 12ರಂದು ಜಾಗರ್ ಅರಮನೆಗೆ ಹೋದರು. ಅದೇ ತಿಂಗಳು, ನಿರಾಕರಿಸಿದವರ ಗುಟ್ಟಿನ ಪಟ್ಟಿ ಲಂಡನ್ನಿನ ಪತ್ರಿಕೆಯೊಂದಕ್ಕೆ ಸೋರಿಕೆಯಾಯಿತು. ಒಂದು ಹೂಂ, ಒಂದು ಮೆಲ್ಲನೆಯ ಊಹೂಂ, ಒಂದು ಗಟ್ಟಿದನಿಯ ಊಹೂಂ, ಮೂರೂ ಒಂದೇ ವರ್ಷದಲ್ಲಿ.

ಭಾಷೆಯ ಬಗ್ಗೆ ಒಂದೇ ಮಾತು. ‘ವ್ಯವಸ್ಥೆ’ ಎಂಬ ಪದ ನಿಮ್ಮ ಲೇಖನದಲ್ಲಿ 19 ಸಲ ಬಂದಿದೆ. ಪ್ರತಿ ಸಲವೂ ಅದನ್ನು ಹೊಡೆದುಹಾಕಿ, ಆ ಜಾಗದಲ್ಲಿ ಪೊಲೀಸರೋ, ನ್ಯಾಯಾಧೀಶರೋ, ವಿಲ್ಸನ್ ಅವರೋ, ಪತ್ರ ಕಳಿಸುವ ಸರ್ಕಾರಿ ಕಚೇರಿಯೋ, ಯಾರೆಂದು ಬರೆಯಿರಿ. ಬರೆಯಲಾಗದ ಕಡೆ ಆ ವಾಕ್ಯವನ್ನೇ ತೆಗೆದುಬಿಡಿ.

ಧಾರವಾಡದ ಹಾಸ್ಟೆಲಿನಲ್ಲಿ, ಅಣ್ಣ ಬಿಟ್ಟುಹೋದ ಟೇಪ್ ರೆಕಾರ್ಡರಿನಲ್ಲಿ ರೋಲಿಂಗ್ ಸ್ಟೋನ್ಸ್ ಕ್ಯಾಸೆಟ್ಟನ್ನು ಅದು ಸವೆಯುವವರೆಗೆ ಕೇಳಿದ್ದು, 2002ರ ಜೂನಿನಲ್ಲಿ ಜಾಗರ್ ಅವರಿಗೆ ನೈಟ್‌ಹುಡ್ ಘೋಷಣೆಯಾದ ಸುದ್ದಿಯನ್ನು ಮೆಸ್ಸಿನ ಪತ್ರಿಕೆಯಲ್ಲಿ ಓದಿ ಊಟ ಬಿಟ್ಟು ಎದ್ದದ್ದು, ಇದನ್ನು ನೀವು ಕೊನೆಯ ಪುಟದಲ್ಲಿ ಆರು ಸಾಲಿನಲ್ಲಿ ಬರೆದಿದ್ದೀರಿ. ಅವರು ಕೊಡದ ಮಾತನ್ನು ನೀವು ಆ ಕೋಣೆಯಲ್ಲಿ ಕೂತು ಕೇಳಿಸಿಕೊಂಡಿದ್ದಿರಿ; ಲೇಖನದ ನೋವೆಲ್ಲ ಅಲ್ಲಿಂದ ಬಂದದ್ದು, ಅದು ನಿಜವಾದ ನೋವು. ಆ ಆರು ಸಾಲನ್ನು ಮೊದಲ ಪುಟಕ್ಕೆ ತನ್ನಿ, ಒಂದಕ್ಷರವನ್ನೂ ತಿದ್ದಬೇಡಿ. ಉಳಿದದ್ದನ್ನು ಹೊಸದಾಗಿ ಬರೆದು ಎರಡು ತಿಂಗಳೊಳಗೆ ಕಳಿಸಿ. ಓದಲು ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ