ಅಳಿಸಿ ಹೋದ ಮೂರು ಪ್ಯಾರಾ

ಗೌರಿ ನನ್ನ ಹತ್ತಿರ ಬಂದದ್ದು ರಾತ್ರಿ ನಿದ್ದೆ ಬರುತ್ತಿಲ್ಲ ಅಂತ. ಹೆಸರು ಅವಳದಲ್ಲ. ಗುರುತು ಸಿಗುವಂಥ ಬೇರೆ ವಿವರಗಳನ್ನೂ ಬದಲಿಸಿದ್ದೇನೆ. ಬರೆದದ್ದನ್ನು ಅವಳಿಗೆ ಓದಿಸಿ, ಒಪ್ಪಿಗೆ ಪಡೆದೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಅವಳು ಕೊಪ್ಪಳದವಳು, ಡಿಗ್ರಿ ಕೊನೆಯ ವರ್ಷ. ಜೊತೆಗೆ ಒಂದು ಆನ್‌ಲೈನ್ ಕೋರ್ಸ್‌ಗೂ ಸೇರಿದ್ದಳು. ಅದರಲ್ಲಿ ಐದು ಜನ ಸೇರಿ ಎಂಟು ವಾರದಲ್ಲಿ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಗಂಗಾವತಿಯ ಒಬ್ಬಳು, ಬಳ್ಳಾರಿಯ ಒಬ್ಬಳು, ಕುಷ್ಟಗಿಯ ಒಬ್ಬ, ಕಾರಟಗಿ ಹತ್ತಿರದ ಹಳ್ಳಿಯ ಒಬ್ಬ, ಮತ್ತೆ ಇವಳು. ಯಾರೂ ಯಾರನ್ನೂ ಎದುರಾಎದುರು ನೋಡಿದವರಲ್ಲ. ಒಂದು ವಾಟ್ಸಾಪ್ ಗ್ರೂಪು, ವಾರಕ್ಕೊಂದು ಗೂಗಲ್ ಮೀಟು, ಎಲ್ಲರೂ ಸೇರಿ ಬರೆಯಲು ಒಂದು ಗೂಗಲ್ ಡಾಕ್ಸ್ ಫೈಲು. ಅವರ ಪರಿಚಯವೆಲ್ಲ ಅಷ್ಟರಲ್ಲೇ.

ವಿಷಯ ಒಳ್ಳೆಯದನ್ನೇ ಆರಿಸಿಕೊಂಡಿದ್ದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಅದು. ಇರೋದು 33 ಗೇಟು. ಒಂದು ಹೋದದ್ದಕ್ಕೆ ಉಳಿದವನ್ನೂ ಎತ್ತಿ ನೀರು ಬಿಡಬೇಕಾಯಿತು. ಆ ಜಾಗದಲ್ಲಿ ಸ್ಟಾಪ್ ಲಾಗ್, ಅಂದರೆ ನೀರು ತಡೆಯುವ ತಾತ್ಕಾಲಿಕ ತಡೆ, ಕೂರಿಸುವಷ್ಟರಲ್ಲಿ ಸುಮಾರು ಒಂದು ವಾರ ಕಳೆದಿತ್ತು. ನಮ್ಮ ಭಾಗದವರು ಆ ವಾರವನ್ನು ಮರೆಯುವುದಿಲ್ಲ.

ಗೌರಿ ಕುಳಿತ ಕೂಡಲೇ ಶುರು ಮಾಡಿದಳು. "ನಾ ಒಬ್ಬಾಕಿನೇ ಎಲ್ಲಾ ಮಾಡೀನ್ರಿ ಮೇಡಂ. ಮೆಸೇಜ್ ಹಾಕಿದ್ರ ಉತ್ತರಾನೂ ಕೊಡಂಗಿಲ್ರಿ. ಬ್ಲೂ ಟಿಕ್ ಬರ್ತದ, ಉತ್ತರ ಬರಂಗಿಲ್ಲ." ರಾತ್ರಿ ಒಂದು ಎರಡರವರೆಗೆ ಕೂತು ಬರೆಯುತ್ತಿದ್ದಳು. ಬೆಳಗ್ಗೆ ತಲೆ ಭಾರ. ಮನೆಯಲ್ಲಿ ಅವ್ವನ ಮೇಲೆ ಸಿಟ್ಟು. ವರದಿಯ ಜೊತೆ ಪ್ರತಿಯೊಬ್ಬರೂ ಬೇರೆಬೇರೆಯಾಗಿ ಒಂದು ಬರಹ ಕೊಡಬೇಕಿತ್ತು. ಗುಂಪಾಗಿ ಹೇಗೆ ಕೆಲಸ ಮಾಡಿದಿರಿ, ನೀವೇನು ಕಲಿತಿರಿ ಅನ್ನುವುದರ ಬಗ್ಗೆ. ಅದನ್ನು ಆಗಲೇ ಬರೆದು ತಂದಿದ್ದಳು. ಎರಡು ಪುಟ. ಅದರಲ್ಲಿ ಒಂದೂವರೆ ಪುಟ ಕಾರಟಗಿ ಕಡೆಯ ಹುಡುಗನ ಮೇಲೆಯೇ. ಅವನನ್ನು ಇಲ್ಲಿ ಮಲ್ಲು ಅನ್ನೋಣ. "ಇವನಿಗೆ ಅಂಕ ಕೊಡುವುದು ನಮಗೆ ಮಾಡುವ ಅನ್ಯಾಯ" ಅಂತ ಕೊನೆಯ ಸಾಲು. ಕಳಿಸಲು ಐದು ದಿನ ಬಾಕಿ ಇತ್ತು.

ಮೊದಲ ಅರ್ಧ ಗಂಟೆ ನಾನೂ ಅವಳನ್ನು ಪೂರ್ತಿ ನಂಬಿದ್ದೆ. ಅವಳ ಕಣ್ಣ ಕೆಳಗಿನ ಕಪ್ಪು ನೋಡಿದರೆ ಯಾರಾದರೂ ನಂಬುತ್ತಾರೆ. ಆದರೆ ಒಂದು ಮಾತು ನನಗೆ ಹೊಂದಿಕೆಯಾಗಲಿಲ್ಲ. ಮಲ್ಲು ಮೊದಲ ಎರಡು ವಾರ ಎಲ್ಲರಿಗಿಂತ ಜಾಸ್ತಿ ಮಾತಾಡುತ್ತಿದ್ದನಂತೆ. ವಿಷಯ ಸೂಚಿಸಿದ್ದೂ ಅವನೇ ಅಂತೆ. ಆಮೇಲೆ ಏನಾಯಿತು? "ಗೊತ್ತಿಲ್ರಿ, ಸುಮ್ನಾಗಿಬಿಟ್ಟ" ಅಂದಳು.

ಲ್ಯಾಪ್‌ಟಾಪ್ ತಂದಿದ್ದೀಯಾ ಅಂತ ಕೇಳಿದೆ. ಫೈಲು ತೆರೆಸಿ, ವರ್ಷನ್ ಹಿಸ್ಟರಿ ನೋಡೋಣ ಅಂದೆ. ಗೂಗಲ್ ಡಾಕ್ಸ್ ಬಳಸುವ ಎಷ್ಟೋ ಮಕ್ಕಳು ಅದನ್ನು ತೆರೆದೇ ನೋಡಿರುವುದಿಲ್ಲ. ಯಾರು ಯಾವ ದಿನ, ಎಷ್ಟು ಹೊತ್ತಿಗೆ, ಏನು ಸೇರಿಸಿದರು, ಏನು ತೆಗೆದರು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಬಣ್ಣದಲ್ಲಿ ಅಲ್ಲಿ ಕಾಣುತ್ತದೆ. ಗೌರಿಗೆ ಖುಷಿಯೇ ಆಯಿತು. ತಾನು ಮಾಡಿದ್ದಕ್ಕೆ ಸಾಕ್ಷಿ ಸಿಗುತ್ತದೆ ಅಂದುಕೊಂಡಳು. ಸಿಕ್ಕಿತು ಕೂಡ. ಎಲ್ಲಿ ನೋಡಿದರೂ ಅವಳದೇ ಬಣ್ಣ.

ಮೂರನೇ ವಾರಕ್ಕೆ ಬಂದಾಗ ಬೇರೆ ಬಣ್ಣದಲ್ಲಿ ಮೂರು ಪ್ಯಾರಾ ಕಂಡವು. ರಾತ್ರಿ 11:40ಕ್ಕೆ ಮಲ್ಲು ಬರೆದದ್ದು. ಇಂಗ್ಲಿಷ್ ತಪ್ಪುತಪ್ಪಾಗಿತ್ತು. ಆದರೆ ಹೇಳಿದ್ದು ಇಷ್ಟು: ಗೇಟು ಹೋದ ವಾರ ಅವರ ಮನೆಯಲ್ಲಿ ಯಾರೂ ಮಲಗಲಿಲ್ಲ. ಸಾಲ ಮಾಡಿ ಭತ್ತ ನಾಟಿ ಮುಗಿಸಿದ್ದರು. ಎಡದಂಡೆ ಕಾಲುವೆಯಲ್ಲಿ ನೀರು ಇಳಿದರೆ ಮೊದಲು ಒಣಗೋದು ಟೇಲ್‌ಎಂಡ್, ಅಂದರೆ ಕಾಲುವೆಯ ಕೊನೆಯ ತುದಿಯ ಹೊಲ. ಅವರದು ಟೇಲ್‌ಎಂಡ್. ಅಪ್ಪ ದಿನಕ್ಕೆ ಮೂರು ಸಲ ಕಾಲುವೆವರೆಗೆ ಹೋಗಿ ನೋಡಿಕೊಂಡು ಬರುತ್ತಿದ್ದ.

ಅದೇ ರಾತ್ರಿ 1:10ಕ್ಕೆ ಆ ಮೂರೂ ಪ್ಯಾರಾ ಮಾಯವಾಗಿದ್ದವು. ತೆಗೆದದ್ದು ಗೌರಿ. ಆ ಜಾಗದಲ್ಲಿ ಗೇಟುಗಳ ಸಂಖ್ಯೆ, ಜಲಾಶಯದ ಸಾಮರ್ಥ್ಯ ಇರುವ ಒಂದು ಇಂಗ್ಲಿಷ್ ಪ್ಯಾರಾ ಬಂದಿತ್ತು.

ಬಹಳ ಹೊತ್ತು ಅವಳು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಇಂಗ್ಲಿಷ್ ಸರಿ ಇರಲಿಲ್ರಿ. ಹೇಳಿದ್ರ ಅವ್ನಿಗೆ ಬ್ಯಾಸರ ಆಗ್ತದ ಅಂತ ಹೇಳಲಿಲ್ಲ" ಅಂದಳು. ಅವಳ ಮಾತು ನಿಜ ಅಂತ ನನಗೆ ಅನಿಸಿತು. ಅವಳಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಅಂಕ ಹೋಗುತ್ತದೆ ಅನ್ನುವ ಭಯ ಇತ್ತು. ಎದುರಿಗೆ ಕೂತಿದ್ದರೆ ಮಲ್ಲುವಿನ ಮುಖ ಕಾಣುತ್ತಿತ್ತು, ಅಲ್ವಾ? ಅವನ ಹಾಳೆಯ ಮೇಲೆ ಗೆರೆ ಎಳೆಯುವಾಗ ಅವಳ ಕೈ ತಡೆಯುತ್ತಿತ್ತು. ಫೈಲಿನಲ್ಲಿ ತಡೆಯುವಂಥದ್ದು ಏನೂ ಇರಲಿಲ್ಲ. ಆ ದಿನದ ನಂತರ ಮಲ್ಲುವಿನ ಬಣ್ಣ ಎಲ್ಲೂ ಕಾಣಲಿಲ್ಲ. ಗ್ರೂಪಿನಲ್ಲೂ ಅವನಿಂದ ಬಂದದ್ದು ಬರೀ "ಓಕೆ".

ಗುಂಪು ಕೆಲಸದ ಮಾತು ಬಂದರೆ ಹಗ್ಗ ಎಳೆಯುವ ಪ್ರಯೋಗವನ್ನು ಹೇಳುವುದುಂಟು. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ 1913ರಲ್ಲಿ ಪ್ರಕಟಿಸಿದ್ದು. ಹಗ್ಗಕ್ಕೆ ಜನ ಹೆಚ್ಚಾದಂತೆ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತಾ ಹೋಯಿತು. ಎಂಟು ಜನ ಆದಾಗ ಒಬ್ಬೊಬ್ಬರ ಪಾಲು ಸುಮಾರು ಅರ್ಧಕ್ಕೆ ಇಳಿದಿತ್ತು. ಇದನ್ನು ಹೇಳಿ "ನೋಡಿ, ಗುಂಪಲ್ಲಿ ಎಲ್ಲರೂ ಮೈಗಳ್ಳರು" ಅನ್ನುವವರಿದ್ದಾರೆ. ಆದರೆ ರಿಂಗಲ್‌ಮನ್ ಕೊಟ್ಟ ಮುಖ್ಯ ಕಾರಣ ಬೇರೆ. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯುವುದಿಲ್ಲ ಅನ್ನುವುದು. ಗವಿಮಠದ ಜಾತ್ರೆಯಲ್ಲಿ ತೇರು ನೋಡಿದ ಗೌರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಹಗ್ಗಕ್ಕೆ ಕೈ ಹಾಕಿದವರೆಲ್ಲ ಒಂದೇ ಕೂಗಿಗೆ ಎಳೆದಾಗ ತಾನೇ ತೇರು ಕದಲುವುದು. ಈ ಐದು ಜನಕ್ಕೆ ಆ ಕೂಗೇ ಇರಲಿಲ್ಲ. ಒಬ್ಬಳು ರಾತ್ರಿ ಒಂದಕ್ಕೆ ಎಳೆಯುತ್ತಾಳೆ, ಇನ್ನೊಬ್ಬ ಹೊಲದಿಂದ ಬಂದು ಊಟ ಮಾಡಿ ಎಳೆಯುತ್ತಾನೆ.

ಇಷ್ಟು ಹೇಳಿದೆ ಅಂತ ಸುಮ್ಮನಿದ್ದವರೆಲ್ಲ ಮುಗ್ಧರು ಅಂತ ತಿಳಿಯಬೇಡಿ. ಕುಷ್ಟಗಿಯ ಹುಡುಗನ ಬಣ್ಣ ಇಡೀ ಫೈಲಿನಲ್ಲಿ ಒಂದು ಕಡೆಯೂ ಇರಲಿಲ್ಲ. ಫೋನ್ ಚೆನ್ನಾಗಿತ್ತು, ನೆಟ್ ಇತ್ತು, ಕೆಲಸ ಹಂಚಿಕೊಂಡಿದ್ದ, ಮಾಡಲಿಲ್ಲ. ಅವನ ವಿಷಯದಲ್ಲಿ ಗೌರಿಯ ಸಿಟ್ಟು ನ್ಯಾಯವಾದದ್ದೇ. ಆಶ್ಚರ್ಯ ಅಂದರೆ ಅವನ ಬಗ್ಗೆ ಅವಳು ಬರೆದದ್ದು ಎರಡೇ ಸಾಲು. ಗ್ರೂಪಿನಲ್ಲಿ ಅವನು ದಿನಾ ಜೋಕು, ಥಂಬ್ಸ್ ಅಪ್ ಹಾಕುತ್ತಿದ್ದ. ಮಾತಾಡುವವನು ಕೆಲಸ ಮಾಡುವವನ ಹಾಗೆ ಕಂಡಿದ್ದ.

ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲು ಮಲ್ಲುಗೆ ಫೋನ್ ಮಾಡು. ಮೆಸೇಜ್ ಬೇಡ, ಗ್ರೂಪಿನಲ್ಲಿ ಬೇಡ. "ಯಾಕೆ ಬರೆಯಲಿಲ್ಲ" ಅಂತ ಕೇಳಬೇಡ. ನೀನು ಮಾಡಿದ್ದನ್ನು ಮೊದಲು ಹೇಳು, ಆಮೇಲೆ ಅವನು ಏನು ಹೇಳುತ್ತಾನೋ ಕೇಳು. ಅವನು ಸಿಟ್ಟು ಮಾಡಿದರೆ ಮಾಡಲಿ.

ಎರಡನೆಯದು ಆ ಎರಡು ಪುಟದ ಬರಹ. ಅದನ್ನು ಹರಿದು ಹಾಕು ಅಂತ ನಾನು ಹೇಳಲಿಲ್ಲ. ಹೊಸದಾಗಿ ಬರೆ, ಆ ರಾತ್ರಿ 1:10ರಿಂದಲೇ ಶುರು ಮಾಡು ಅಂದೆ. ಕುಷ್ಟಗಿಯವನ ಬಗ್ಗೆ ಬರೆಯುವಾಗ "ಬೇಜವಾಬ್ದಾರಿ", "ಸೋಮಾರಿ" ಅನ್ನುವ ಮಾತು ತೆಗೆದುಬಿಡು. ಯಾವ ಕೆಲಸ ಒಪ್ಪಿಕೊಂಡಿದ್ದ, ಯಾವ ತಾರೀಖಿಗೆ ಕೊಡಬೇಕಿತ್ತು, ಕೊಟ್ಟನೋ ಇಲ್ಲವೋ, ಅಷ್ಟು ಸಾಕು. ಇಂಥದ್ದನ್ನು ಕೋರ್ಸಿನ ಶಿಕ್ಷಕರಿಗೆ ನಾಲ್ಕನೇ ವಾರದಲ್ಲೇ ಹೇಳಬೇಕು. ಕೊನೆಯ ದಿನ ಹೇಳಿದರೆ ಅದು ಚಾಡಿ ಆಗುತ್ತದೆ, ಯಾರಿಗೂ ಸರಿಪಡಿಸಲು ಸಮಯ ಉಳಿಯುವುದಿಲ್ಲ.

ಇನ್ನೊಂದು ಲೆಕ್ಕವನ್ನೂ ಮಾಡಿಸಿದೆ. ಕೆಲಸದಲ್ಲಿ ನಿನ್ನ ಪಾಲು ನೂರಕ್ಕೆ ಎಷ್ಟು ಅಂತ ಕೇಳಿದರೆ 80 ಅಂದಳು. ಉಳಿದವರನ್ನೂ ಕೇಳಿ ಬಾ ಅಂದೆ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಗಂಡ ಹೆಂಡತಿಯರನ್ನು ಹೀಗೇ ಕೇಳಿದ್ದರು, ಮನೆಗೆಲಸದಲ್ಲಿ ನಿಮ್ಮ ಪಾಲೆಷ್ಟು ಅಂತ. ಇಬ್ಬರದನ್ನೂ ಕೂಡಿಸಿದರೆ ಹೆಚ್ಚಿನ ಜೋಡಿಗಳಲ್ಲಿ ನೂರು ದಾಟುತ್ತಿತ್ತು. ಸುಳ್ಳು ಹೇಳಿದರು ಅಂತಲ್ಲ. ನಾವು ಮಾಡಿದ್ದು ನಮಗೆ ಬೇಗ ನೆನಪಾಗುತ್ತದೆ. ಬೇರೆಯವರು ಮಾಡಿದ್ದನ್ನು ನಾವು ನೋಡಿಯೇ ಇರುವುದಿಲ್ಲ.

ನಿದ್ದೆಯ ವಿಷಯಕ್ಕೆ ಹೇಳಿದ್ದು ಸಣ್ಣದು. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚು. ಪ್ರಾಜೆಕ್ಟ್ ಕೊಟ್ಟ ಮೇಲೂ ಎರಡು ವಾರ ಹೀಗೇ ಇದ್ದರೆ ಬಾ. ನಡುರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತಾಡಬಹುದು.

ಆರು ದಿನ ಬಿಟ್ಟು ಗೌರಿ ಮತ್ತೆ ಬಂದಳು. ಪಾಲಿನ ಲೆಕ್ಕ ಬರೆದ ಚೀಟಿ ತಂದಿದ್ದಳು. ಅವಳ 80, ಗಂಗಾವತಿಯವಳದು 30, ಬಳ್ಳಾರಿಯವಳದು 35, ಕುಷ್ಟಗಿಯವನದು 20. ಮಲ್ಲು ತನಗೆ ಕೊಟ್ಟುಕೊಂಡದ್ದು ಸೊನ್ನೆ.

ಫೋನಿನಲ್ಲಿ ಅವನು ಸಿಟ್ಟು ಮಾಡಲಿಲ್ಲವಂತೆ. "ನನ್ನ ಇಂಗ್ಲಿಷ್ ಚಲೋ ಇಲ್ರಿ, ಅದಕ್ಕ ತೆಗ್ದೀರಿ ಅಂತ ಗೊತ್ತಾತು. ಮತ್ತ ಬರೆದ್ರ ನಿಮಗ ಇನ್ನೊಮ್ಮೆ ತೆಗೆಯೋ ತ್ರಾಸು ಅಂತ ಬಿಟ್ಟೆ" ಅಂದನಂತೆ. ಇದನ್ನು ಹೇಳುವಾಗ ಗೌರಿಯ ಗಂಟಲು ಕಟ್ಟಿತು. ನಾನು ನೀರು ಕೊಟ್ಟೆ.

ಆಮೇಲೆ ಅವರಿಬ್ಬರೂ ಮಾತಾಡಿಕೊಂಡು ಆ ಮೂರು ಪ್ಯಾರಾ ವಾಪಸ್ ತಂದರು. ಮಲ್ಲು ಕನ್ನಡದಲ್ಲಿ ಬರೆಯುವುದು, ಗೌರಿ ಕೆಳಗೆ ಇಂಗ್ಲಿಷ್ ಮಾಡುವುದು, ಏನಾದರೂ ಬದಲಿಸಬೇಕು ಅನಿಸಿದರೆ ಪಕ್ಕದಲ್ಲಿ ಕಾಮೆಂಟ್ ಹಾಕಿ ಕೇಳುವುದು ಅಂತ ಒಪ್ಪಂದ. ಕಳಿಸುವ ಹಿಂದಿನ ರಾತ್ರಿ ಹತ್ತು ಗಂಟೆಗೆ ಅವಳು ಫೈಲು ತೆರೆದಾಗ ಮಲ್ಲು ಹೆಸರಿನ ಕರ್ಸರ್ ಓಡಾಡುತ್ತಿತ್ತಂತೆ. ನಾಲ್ಕನೇ ಪ್ಯಾರಾ ಬರೆಯುತ್ತಿದ್ದ. ಒಂದು ಪದ ಬರೆಯುತ್ತಾನೆ, ಅಳಿಸುತ್ತಾನೆ, ಮತ್ತೆ ಬರೆಯುತ್ತಾನೆ. ಗೌರಿ ಕೀಬೋರ್ಡಿನಿಂದ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಅವನು ಮುಗಿಸುವವರೆಗೂ ನೋಡುತ್ತಾ ಕೂತಿದ್ದಳು.