ಇಲಿಗೂ ಎಂಆರ್‌ಐ ಮಾಡ್ತಾರಾ?

ಪ್ರಶ್ನೆ: ಚಿಕ್ಕಪ್ಪನಿಗೆ ಎಂಆರ್‌ಐ ಮಾಡಿಸುವಾಗ ಅರ್ಧ ಗಂಟೆ ಅಲುಗಾಡಬಾರದು ಅಂದಿದ್ದರು. ಮೆದುಳಿನ ಗಡ್ಡೆಯ ಔಷಧಿ ಪರೀಕ್ಷಿಸಲು ಇಲಿಗಳಿಗೂ ಎಂಆರ್‌ಐ ಮಾಡುತ್ತಾರಂತೆ. ಇಲಿ ಸುಮ್ನೆ ಮಲಗುತ್ತದಾ? ಆಸ್ಪತ್ರೆಯ ಮೆಷಿನ್ನೇ ಸಾಕಾಗಲ್ವಾ? ಇಲಿಯ ಗಡ್ಡೆ ಕರಗಿದರೆ ನಮ್ಮದೂ ಕರಗುತ್ತದೆ ಅಂತ ನಂಬಬಹುದಾ?
– ಬಿ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಇಲಿ ಎಲ್ಲಿ ಸುಮ್ನಿರುತ್ತೆ! ಸಾಮಾನ್ಯವಾಗಿ ಐಸೊಫ್ಲುರೇನ್ ಎಂಬ ಅರಿವಳಿಕೆ ಅನಿಲ ಕೊಟ್ಟು ಮಲಗಿಸುತ್ತಾರೆ. ಮುಂದಿನ ಹಲ್ಲುಗಳನ್ನು ಒಂದು ಪುಟ್ಟ ಪಟ್ಟಿಗೆ ಸಿಕ್ಕಿಸಿದರೆ ತಲೆ ಅಲುಗುವುದಿಲ್ಲ. ರೆಪ್ಪೆ ಮಿಟುಕಿಸಲಾಗದ ಕಣ್ಣು ಒಣಗಬಾರದೆಂದು ಮುಲಾಮು ಹಚ್ಚುತ್ತಾರೆ. ಮೈಗೆ ತಾಗಿಸಿದ ಬೆರಳಗಲದ ಗಾಳಿದಿಂಬು ಪ್ರತಿ ಉಸಿರನ್ನೂ ಹೊರಗಿನ ಪರದೆಗೆ ತಿಳಿಸುತ್ತದೆ. ದೊಡ್ಡ ತಲೆನೋವು ಚಳಿ. ಅಷ್ಟು ಸಣ್ಣ ಮೈ ಅರಿವಳಿಕೆಯಲ್ಲಿ ಬೇಗ ತಣ್ಣಗಾಗುತ್ತದೆ. ಬಿಸಿಗಾಳಿ ಬಿಟ್ಟೋ, ಬೆಚ್ಚನೆ ನೀರು ಹರಿಸಿಯೋ ಅದನ್ನು 37 ಡಿಗ್ರಿ ಆಸುಪಾಸಿನಲ್ಲಿ ಇಡಬೇಕು.

ಇನ್ನು ಮೆಷಿನ್. ಸುಂಡಿಲಿಯ ಮೆದುಳು ಅರ್ಧ ಗ್ರಾಂ ಕೂಡ ಇರುವುದಿಲ್ಲ, ಅಗಲ ಸುಮಾರು ಒಂದು ಸೆಂಟಿಮೀಟರ್. ಆಸ್ಪತ್ರೆಯ ಚಿತ್ರದಲ್ಲಿ ಒಂದೊಂದು ಚುಕ್ಕಿ ಸುಮಾರು ಒಂದು ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಇಡೀ ಮೆದುಳಿನ ಅಗಲಕ್ಕೆ ಹತ್ತೇ ಚುಕ್ಕಿ! ಚುಕ್ಕಿಯನ್ನು ಎಲ್ಲ ಕಡೆಯಿಂದ ಹತ್ತು ಪಟ್ಟು ಕುಗ್ಗಿಸಿದರೆ ಅದರೊಳಗಿನ ನೀರು ಸಾವಿರ ಪಟ್ಟು ಕಡಿಮೆಯಾಗುತ್ತದೆ. ಎಂಆರ್‌ಐಗೆ ಸಿಗುವ ಸಿಗ್ನಲ್ ಬಹುಪಾಲು ಆ ನೀರಿನಿಂದಲೇ, ಅದೂ ಅಷ್ಟೇ ಸಣ್ಣದಾಗುತ್ತದೆ. ಆಯಸ್ಕಾಂತ ಬಲವಾದಷ್ಟೂ ಸಿಗ್ನಲ್ ದೊಡ್ಡದು. ಅದಕ್ಕೇ ಆಸ್ಪತ್ರೆಯಲ್ಲಿ 1.5 ಅಥವಾ 3 ಟೆಸ್ಲಾ (ಆಯಸ್ಕಾಂತದ ಬಲದ ಅಳತೆ) ಆಯಸ್ಕಾಂತವಿದ್ದರೆ ಪ್ರಯೋಗಾಲಯದಲ್ಲಿ ಹೆಚ್ಚಾಗಿ 7 ಅಥವಾ 9.4 ಟೆಸ್ಲಾ.

ಇಷ್ಟೆಲ್ಲ ಪಾಡು ಯಾಕೆ? ಮೊದಲೆಲ್ಲ ಗಡ್ಡೆ ಎಷ್ಟು ಬೆಳೆಯಿತೆಂದು ನೋಡಲು ಪ್ರತಿ ವಾರ ಕೆಲವು ಇಲಿಗಳನ್ನು ಕೊಲ್ಲಬೇಕಿತ್ತು. ಈಗ ಅದೇ ಇಲಿಯನ್ನು ಮತ್ತೆ ಮತ್ತೆ ನೋಡಬಹುದು. ಇಲಿಗಳೂ ಕಡಿಮೆ ಸಾಕು, ಲೆಕ್ಕವೂ ಗಟ್ಟಿ. ಇನ್ನೊಂದು ಲಾಭವನ್ನು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು ತೋರಿಸಿದರು. ಔಷಧಿ ಕೆಲಸ ಮಾಡಿ ಜೀವಕೋಶಗಳು ಸತ್ತರೆ ಅಲ್ಲಿನ ನೀರಿಗೆ ಓಡಾಡಲು ಜಾಗ ಜಾಸ್ತಿ. ಗಡ್ಡೆ ಕುಗ್ಗುವ ಮೊದಲೇ ಈ ಬದಲಾವಣೆ ಸ್ಕ್ಯಾನಿನಲ್ಲಿ ಸಿಕ್ಕಿಬೀಳುತ್ತದೆ.

ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಬೇಡ, ಅಷ್ಟು ಬೇಗ ನಂಬಬೇಡಿ. ಯು87 ಎಂಬ, ಮನುಷ್ಯರ ಮೆದುಳಿನ ಗಡ್ಡೆಯ ಜೀವಕೋಶಗಳನ್ನು ಇಲಿಯ ಮೆದುಳಿಗೆ ಚುಚ್ಚಿ ಬೆಳೆಸುವುದು ಹಳೆಯ ರೂಢಿ. ಅವು ಬದುಕಲೆಂದು ರೋಗನಿರೋಧಕ ಶಕ್ತಿ ಕುಂದಿದ ಇಲಿಗಳನ್ನೇ ಬಳಸುತ್ತಾರೆ. ಸ್ಕ್ಯಾನಿನಲ್ಲಿ ಗಡ್ಡೆ ಎದ್ದು ಕಾಣಿಸುವ ಗ್ಯಾಡೊಲಿನಿಯಂ ಮದ್ದು ಚುಚ್ಚಿ ಸ್ಕ್ಯಾನ್ ಮಾಡಿದರೆ ಗಡ್ಡೆ ಗೋಲಿಯಂತೆ ಹೊಳೆಯುತ್ತದೆ, ಅಂಚು ಅಚ್ಚುಕಟ್ಟು. ಅಳೆಯಲು ಸುಲಭ, ಪತ್ರಿಕೆಯಲ್ಲಿ ಹಾಕಲು ಚೆಂದ. ಮನುಷ್ಯರ ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಮೆದುಳಿನ ಗಡ್ಡೆ ಹಾಗಲ್ಲ. ಅದು ಗರಿಕೆ ಬೇರಿನಂತೆ, ಹೊಳೆಯುವ ಭಾಗವನ್ನು ದಾಟಿ ಎಲ್ಲೆಲ್ಲೋ ಹಬ್ಬಿರುತ್ತದೆ. ಸಾಲದ್ದಕ್ಕೆ ಈ ಯು87 ಕತೆ ಬೇರೆ ಇದೆ. 1960ರ ದಶಕದಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ರೋಗಿಯೊಬ್ಬರ ಗಡ್ಡೆಯಿಂದ ತೆಗೆದದ್ದು ಅಂತ ಎಲ್ಲರೂ ಬಳಸುತ್ತಿದ್ದರು. 2016ರಲ್ಲಿ ಡಿಎನ್‌ಎ ಹೋಲಿಸಿ ನೋಡಿದರೆ, ಲ್ಯಾಬುಗಳಿಗೆ ಹಂಚಿಕೆಯಾಗುತ್ತಿದ್ದ ಜೀವಕೋಶ ಆ ಮೂಲ ರೋಗಿಯದ್ದೇ ಅಲ್ಲ!