6 ಲಕ್ಷದ ಸಾಫ್ಟ್‌ವೇರ್‌ಗೆ ಅರ್ಧ ದುಡ್ಡು ಮೊದಲೇ ಕೊಡಬಹುದಾ?

ಬ್ಯಾಡಗಿಯ ನಿಮ್ಮ ಮೆಣಸಿನಕಾಯಿ ದಲಾಲಿ ಅಂಗಡಿಗೆ ಸಾಫ್ಟ್‌ವೇರ್ ಮಾಡಿಸಬೇಕು, ಡೆವಲಪರ್ 6 ಲಕ್ಷ ಹೇಳಿದ್ದಾರೆ, ಅರ್ಧ ಅಡ್ವಾನ್ಸ್ ಕೇಳುತ್ತಿದ್ದಾರೆ, ಕೊಡಬಹುದಾ ಅಂತ ಕೇಳಿದ್ದೀರಿ. ಕೊಡಬೇಡಿ. ಆ ಡೆವಲಪರ್ ಮೋಸ ಮಾಡುತ್ತಾರೆ ಅಂತಲ್ಲ. ನಾನೂ ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡುವವನು, ಇಷ್ಟು ದೊಡ್ಡ ಕೆಲಸಕ್ಕೆ ಸರಿಯಾದ ರೇಟು ಮೊದಲೇ ಹೇಳುವುದು ನನಗೂ ಆಗುವುದಿಲ್ಲ. ಏನು ಬೇಕು ಅನ್ನೋದು ನಿಮಗೂ ಪೂರ್ತಿ ಗೊತ್ತಿರುವುದಿಲ್ಲ, ಅಲ್ವಾ? ಪ್ರಿಂಟರ್‌ನಿಂದ ಒಂದು ಪಟ್ಟಿ, ಅಂದರೆ ರೈತರಿಗೆ ಕೊಡುವ ಲೆಕ್ಕದ ಚೀಟಿ, ಹೊರಬಂದು, ನಿಮ್ಮ ಗುಮಾಸ್ತರು ಅದನ್ನು ನೋಡಿ "ಹಿಂಗಲ್ರೀ, ಹಮಾಲಿ ಬ್ಯಾರೆ ಬರೀಬೇಕು" ಅಂದ ಮೇಲೇ ಅದು ಗೊತ್ತಾಗುವುದು.

ಹಾಗಾಗಿ 6 ಲಕ್ಷದ ಒಂದೇ ಕರಾರು ಬೇಡ, ಸಣ್ಣ ಸಣ್ಣ ಕರಾರು ಮಾಡಿಕೊಳ್ಳಿ. ಮೊದಲನೆಯದರಲ್ಲಿ ಲಾಟ್ (ಮಾರಾಟಕ್ಕೆ ಬಂದ ಒಂದೊಂದು ರಾಶಿ) ಎಂಟ್ರಿ, ತೂಕ, ದರ, ರೈತರ ಪಟ್ಟಿ, ಅಷ್ಟೇ. ಖರೀದಿದಾರರ ಬಾಕಿ ಆಮೇಲೆ, ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್‌ಗೆ ಜೋಡಿಸುವುದು ಅದಕ್ಕೂ ಆಮೇಲೆ. ಎಲ್ಲ ಲೆಕ್ಕ ಒಂದೇ ಕಡೆ ಕಾಣುವ ಚಂದದ ಡ್ಯಾಶ್‌ಬೋರ್ಡ್ ಮೊದಲು ತೋರಿಸುತ್ತೇನೆ ಅಂದರೆ ಒಪ್ಪಬೇಡಿ, ಕಷ್ಟದ ಲೆಕ್ಕವೇ ಮೊದಲು ಆಗಲಿ, ಅದು ಕೈಕೊಟ್ಟರೆ ಸಣ್ಣ ಮೊತ್ತದಲ್ಲೇ ಗೊತ್ತಾಗುತ್ತದೆ. "ತಿಂಗಳಿಗೆ ಇಷ್ಟು" ಅಂತ ಕಂತು ಕಟ್ಟಿದರೆ ಏನೂ ಉಪಯೋಗವಿಲ್ಲ, ಯಾಕಂದರೆ ತಿಂಗಳು ತಾನಾಗೇ ಮುಗಿಯುತ್ತದೆ, ಕೆಲಸ ಮುಗಿಯಲ್ಲ. ಹಳೆಯ ಲಾಟ್‌ಗಳನ್ನು ಹಾಕಿದಾಗ ನಿಮ್ಮ ಕೈಬರಹದ ಪಟ್ಟಿಗೂ ಕಂಪ್ಯೂಟರ್ ಪಟ್ಟಿಗೂ ಪೈಸೆ ಪೈಸೆ ತಾಳೆಯಾದರೆ ದುಡ್ಡು, ಅಂತ ಕರಾರಿನಲ್ಲೇ ಬರೆಸಿ.

ಪ್ರತಿ ಹಂತ ಮುಗಿದಾಗಲೂ ಅಲ್ಲಿಗೇ ನಿಲ್ಲಿಸುವ ಹಕ್ಕು ನಿಮಗಿರಬೇಕು. ಅದು ಕಾಗದದಲ್ಲಿ ಮಾತ್ರ ಇದ್ದರೆ ಸಾಲದು. ಸರ್ವರ್, ಡೊಮೇನ್, ಸೋರ್ಸ್ ಕೋಡ್ ಇಡುವ ಗಿಟ್‌ಹಬ್ ಖಾತೆ, ಎಲ್ಲ ನಿಮ್ಮ ಹೆಸರಲ್ಲೇ ಇರಲಿ, ಡೆವಲಪರ್‌ಗೆ ಅದರಲ್ಲಿ ಕೆಲಸ ಮಾಡುವ ಅವಕಾಶ ಕೊಡಿ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತೇ ಇಲ್ಲ: ಹೊರಗಿನವರಿಂದ ಬರೆಸಿದ ಕೋಡ್, ದುಡ್ಡು ಕೊಟ್ಟ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಡೆವಲಪರ್ ಹಕ್ಕು ಬರೆದುಕೊಟ್ಟು ಸಹಿ ಹಾಕಬೇಕು, ಅವಧಿ ಬರೆಯದಿದ್ದರೆ ಅದು 5 ವರ್ಷ ಅಂತಲೇ ಲೆಕ್ಕ. ಹಾಗಾಗಿ "ಈ ಹಂತದ ಹಣ ಸಂದಾಯವಾದ ಕೂಡಲೇ ಈ ಹಂತದ ಹಕ್ಕು ಶಾಶ್ವತವಾಗಿ ನಮಗೆ" ಅಂತ ಪ್ರತಿ ಕರಾರಿನಲ್ಲೂ ಇರಲಿ. ಹೇಳಿದ ರೇಟಿನಲ್ಲಿ 18% ಜಿಎಸ್‌ಟಿ ಸೇರಿದೆಯಾ ಅಂತಲೂ ಕೇಳಿ.

ಹೀಗೆ ಮಾಡಿದರೆ ಒಟ್ಟು ಖರ್ಚು ಸ್ವಲ್ಪ ಜಾಸ್ತಿ ಆಗಬಹುದು. ಮುಂದಿನ ಹಂತ ಸಿಗುವ ಗ್ಯಾರಂಟಿ ಇಲ್ಲದ ಡೆವಲಪರ್ ರೇಟು ಸ್ವಲ್ಪ ಏರಿಸುತ್ತಾರೆ, ಅದು ನ್ಯಾಯವೇ. ಅವರಿಗೂ ಹುಡುಗರ ಸಂಬಳ ಕೊಡಬೇಕಲ್ಲ, ಅಡ್ವಾನ್ಸ್ ಕೊಡಿ, ಆದರೆ ಮೊದಲ ಹಂತದ ಮೊತ್ತದಲ್ಲಿ ಕಾಲು ಭಾಗ ಮಾತ್ರ. ಮತ್ತೆ, ಮಾರ್ಕೆಟ್‌ಗೆ ಚೀಲಗಳ ರಾಶಿ ಬೀಳುವ ಜನವರಿ, ಫೆಬ್ರವರಿಯಲ್ಲಿ ಶುರು ಮಾಡಬೇಡಿ. ಆವಕ ಕಡಿಮೆ ಇರುವಾಗ ಮೊದಲ ಹಂತ ಮುಗಿಸಿಕೊಂಡರೆ, ಪಕ್ಕದಲ್ಲಿ ಕೈಬರಹದ ಪಟ್ಟಿ ಇಟ್ಟುಕೊಂಡೇ ಸೀಸನ್‌ನಲ್ಲಿ ಓಡಿಸಿ ನೋಡಬಹುದು, ಎರಡನೇ ಕರಾರಿಗೆ ಸಹಿ ಹಾಕಬೇಕಾ ಬೇಡವಾ ಅಂತ ಆಗ ನಿಮ್ಮ ಗುಮಾಸ್ತರನ್ನೇ ಕೇಳಿ.